ಕುದುರೆ ತಾನಾಗಿ ನಿಂತ ಬಾಗಿಲು

ನಾಯ್‌ಲಾಂಡ್, ವಿಸ್ಕಾನ್ಸಿನ್
ಏಪ್ರಿಲ್ ೨, ೧೮೫೯, ಶನಿವಾರ

ಪ್ರೀತಿಯ ಮಗ ಎಯ್ಲರ್ಟನಿಗೆ,

ಅಪ್ಪನ ಆಶೀರ್ವಾದಗಳು. ಕಾಡಿನಲ್ಲಿ ಕೈಕಾಲು ನೆಟ್ಟಗಿಟ್ಟುಕೊಂಡು ಕ್ಷೇಮವಾಗಿದ್ದೀಯೆಂದು ನಂಬಿದ್ದೇನೆ. ಕಳೆದ ಸಲ ಬರೆದಾಗ ಎಡಗಾಲಿನ ಬೆರಳು ಹಿಮಕ್ಕೆ ಮರಗಟ್ಟಿದೆ ಎಂದಿದ್ದೆ. ಅದಕ್ಕೆ ಹೆಬ್ಬಾತಿನ ಕೊಬ್ಬು ಸವರಬೇಕಂತೆ, ಬೆಂಕಿಗೆ ಮಾತ್ರ ಹಿಡಿಯಬಾರದಂತೆ. ಇದು ಅಮ್ಮನ ಮಾತು. ನಿಮ್ಮ ಮರ ಕಡಿಯುವವರ ಬಿಡಾರದ ಅಡುಗೆಯವನು ಈಗಲೂ ಮೂರು ಹೊತ್ತೂ ಬಟಾಣಿಯನ್ನೇ ಬೇಯಿಸುತ್ತಾನೆಯೇ? ಇಲ್ಲಿ ನಾವು ಚೆನ್ನಾಗಿದ್ದೇವೆ. ಕರಿ ಹಸು ಹೆಣ್ಣುಗರು ಹಾಕಿದೆ. ತೊರೆಯ ಮೇಲಿನ ಹಿಮಗಡ್ಡೆ ಒಡೆದು ನೀರು ಹರಿಯುತ್ತಿದೆ, ದಾರಿಯೆಲ್ಲ ಕೆಸರು. ಮದುವೆಗೆಂದು ಅಮ್ಮ ಹೆಬ್ಬಾತುಗಳಿಗೆ ತಿನ್ನಿಸಿದ್ದೇ ತಿನ್ನಿಸಿದ್ದು, ಪಾಪ, ಅವು ಈಗ ನಡೆಯಲಾರದೆ ಪಾದ್ರಿಗಳ ಅತ್ತೆಯ ಹಾಗೆ ಕೂತಲ್ಲೇ ಕೂತಿರುತ್ತವೆ.

ಇಷ್ಟು ಬರೆದು ಲೇಖನಿ ಕೆಳಗಿಟ್ಟು ಕೊಟ್ಟಿಗೆಗೆ ಒಂದು ಸುತ್ತು ಹೋಗಿ ಬಂದೆ. ಕೊಟ್ಟಿಗೆಯಲ್ಲಿ ನನಗೇನೂ ಕೆಲಸವಿರಲಿಲ್ಲ. ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಅಷ್ಟೇ. ಅಮ್ಮ ಒಲೆಯ ಹತ್ತಿರ ನಿನಗೆ ಕಾಲುಚೀಲ ಹೆಣೆಯುತ್ತಿದ್ದಾಳೆ. ನಾನು ನಿನ್ನ ಮದುವೆಯ ಬೂಟಿನ ಅಳತೆ ಕೇಳಿ ಬರೆಯುತ್ತಿದ್ದೇನೆಂದು ತಿಳಿದಿದ್ದಾಳೆ. ಅವಳಿಗೆ ಇನ್ನೂ ಏನೂ ಗೊತ್ತಿಲ್ಲ.

ಕಳೆದ ಭಾನುವಾರ ಪಾದ್ರಿಗಳು ನಿನ್ನ ಹೆಸರನ್ನೂ ಓಕೋ ಯಾನ್ಸೆನ್ನನ ಮಗಳು ಫ್ರೌಕೆಯ ಹೆಸರನ್ನೂ ಮದುವೆಯಾಗುವವರೆಂದು ಚರ್ಚಿನಲ್ಲಿ ಮೊದಲ ಸಲ ಓದಿದರು. ನಾಳೆ ಎರಡನೆಯ ಸಲ ಓದುತ್ತಾರೆ, ಮುಂದಿನ ಭಾನುವಾರ ಮೂರನೆಯ ಸಲ. ಈಸ್ಟರ್ ಕಳೆದ ಮೇಲೆ ಮದುವೆ. ದಾರಿ ಪೂರ್ತಿ ಕೆಸರಾಗುವ ಮೊದಲೇ ಮನೆಮನೆಗೆ ಹೋಗಿ ಕರೆದು ಬಂದುಬಿಡೋಣವೆಂದು ನಾನು ಬುಧವಾರ ಹೊರಟೆ. ವರನ ಅಪ್ಪ ತಾನೇ ಕರೆಯಲು ಹೋಗುವ ಪದ್ಧತಿ ನಾವು ಬಿಟ್ಟುಬಂದ ಊರಿನಲ್ಲಿಯೂ ಇರಲಿಲ್ಲ, ಇಲ್ಲಿಯೂ ಇಲ್ಲ. ನಿನ್ನ ಅಮ್ಮ ಬಾಗಿಲಿಗೆ ಅಡ್ಡ ನಿಂತು, "ಸ್ವಂತ ಮಗನ ಮದ್ವೆಗೆ ನೀವೇ ಟೋಪಿ ಹಾಕ್ಕೊಂಡು ಹೊರಟ್ರಾ? ಊರಲ್ಲಿ ಬೇರೆ ಗಂಡಸರಿಲ್ವಾ? ಜನ ನಗ್ತಾರೆ ನೋಡಿ" ಅಂದಳು. "ನಗಿಸೋದಕ್ಕೇ ತಾನೇ ನಾನು ಹೋಗೋದು" ಅಂದೆ. ನಿಜ ಹೇಳಬೇಕೆಂದರೆ, ಈ ವಸಾಹತಿನ ಎಲ್ಲರ ಮದುವೆಗೂ ಕರೆಯ ಪದ್ಯ ಹೇಳಿದವನು ನಾನು, ನನ್ನ ಮಗನ ಮದುವೆಯ ಪದ್ಯವನ್ನು ಇನ್ನೊಬ್ಬನ ಬಾಯಿಗೆ ಬಿಡಲು ಮನಸ್ಸಾಗಲಿಲ್ಲ. ಅಷ್ಟು ಜಂಬ ನನಗೆ.

ಪದ್ಧತಿಯಂತೆ ವರನ ಕುದುರೆಯನ್ನೇ ಏರಬೇಕಷ್ಟೆ, ನಿನ್ನ ಫೋಸ್‌ನ ಬಾಲಕ್ಕೆ ಅಮ್ಮನಿಂದ ಕೆಂಪು ದಾರ ಕಟ್ಟಿಸಿಕೊಂಡು ಹೊರಟೆ. ಕೋಲಿನಿಂದ ಬಾಗಿಲು ಬಡಿಯುವುದು, ಪದ್ಯ ಹೇಳುವುದು, ಮನೆಯ ಹೆಣ್ಣುಮಗಳು ಬರುತ್ತೇವೆಂಬ ಗುರುತಿಗೆ ಟೋಪಿಗೆ ಒಂದು ರಿಬ್ಬನ್ ಸಿಕ್ಕಿಸುವುದು, ಮನೆಯ ಯಜಮಾನ ಒಂದು ಲೋಟ ಸಾರಾಯಿ ಸುರಿಯುವುದು. ಬೇಡವೆಂದರೆ ಆ ಮನೆಗೆ ಅವಮಾನ. ನಾನು ಯಾವ ಮನೆಗೂ ಅವಮಾನ ಮಾಡಲಿಲ್ಲ. ಪದ್ಯ ಈ ಸಲ ನಾನೇ ಕಟ್ಟಿದ್ದು:

ಕುದುರೆಗೆ ಹುಲ್ಲು, ನನಗೊಂದು ಗುಟುಕು,
ತಂದಿಹ ಸುದ್ದಿ ಸಿಹಿಯಿದೆ, ಚುಟುಕು.
ಎಯ್ಲರ್ಟನ ಕೈಗೆ ಫ್ರೌಕೆಯ ಕೈ,
ಉಣ್ಣಲು ಬನ್ನಿರಿ ತೊಳಕೊಂಡು ಮೈ.

ಇದಾದ ಮೇಲೆ ಇನ್ನೂ ಉದ್ದವಿದೆ. ಚಾಕು ಚಮಚ ಮನೆಯಿಂದಲೇ ತನ್ನಿ ಅನ್ನುವುದು, ಮುದುಕಿಯರೂ ಕುಣಿಯಬೇಕು ಅನ್ನುವುದು, ಎಲ್ಲ ಇದೆ. ಗಿರಣಿಯವನ ಮನೆಯಲ್ಲಿ ಎರಡನೆಯ ಸಲ ಹೇಳಿಸಿದರು, ಅಲ್ಲಿ ಎರಡನೆಯ ಲೋಟವೂ ಆಯಿತು. ಸಂಜೆಯ ಹೊತ್ತಿಗೆ ಟೋಪಿಯ ತುಂಬ ರಿಬ್ಬನ್ನು, ತಲೆಯ ತುಂಬ ಸಾರಾಯಿ. ಕೊನೆಯ ಮನೆ ಮುಗಿಸಿ ಲಗಾಮು ಸಡಿಲ ಬಿಟ್ಟು, ಫೋಸ್ ಮನೆಗೆ ಕರೆದುಕೊಂಡು ಹೋಗುತ್ತದೆ ಬಿಡು ಎಂದು ನೆಮ್ಮದಿಯಾಗಿ ತೂಕಡಿಸಿದೆ.

ಫೋಸ್ ಮನೆಗೆ ಹೋಗಲಿಲ್ಲ. ಕವಲಿನಲ್ಲಿ ಬಲಕ್ಕೆ ತಿರುಗಿ, ಜವುಗಿಗೆ ಅಡ್ಡಲಾಗಿ ಹಾಸಿದ ಮರದ ದಿಮ್ಮಿಗಳ ಮೇಲೆ ಒಂದು ಹೆಜ್ಜೆಯೂ ತಪ್ಪದೆ ನಡೆದು, ವಿಧವೆ ಹಿಲ್ಕಾಳ ಮನೆಯ ಬೇಲಿಯ ಹತ್ತಿರ ನಿಂತು ಕೆನೆಯಿತು. ಕಣ್ಣು ಬಿಟ್ಟೆ. ಬಾಗಿಲು ತೆರೆದು ಅವಳ ಮಗಳು ಗೇಶೆ ಓಡಿ ಬಂದಳು. ಕೈಗೆಲ್ಲ ಹಿಟ್ಟು ಮೆತ್ತಿತ್ತು, ಮುಖದ ತುಂಬ ನಗು ಇತ್ತು. ಎಯ್ಲರ್ಟ್, ನನ್ನ ಆಯುಸ್ಸಿನಲ್ಲಿ ಯಾರೂ ನನ್ನನ್ನು ನೋಡಿ ಹಾಗೆ ನಕ್ಕಿಲ್ಲ. ಆ ನಗು ನನಗಾಗಿ ಬಂದದ್ದಲ್ಲ ಎಂದು ಕುಡಿದ ತಲೆಗೂ ತಿಳಿಯಿತು. ಕುದುರೆಯ ದನಿ ಕೇಳಿ ನೀನೇ ಬಂದೆಯೆಂದುಕೊಂಡಿದ್ದಳು.

ಅಲ್ಲಿಯೇ ಕುದುರೆ ತಿರುಗಿಸಿ ಬರಬಹುದಿತ್ತು. ನಾನು ಏನು ಮಾಡಿದೆ ಗೊತ್ತೇ? ದಿನವಿಡೀ ಬಾಗಿಲು ಕಂಡಲ್ಲೆಲ್ಲ ಪದ್ಯ ಹೇಳಿದ ನಾಲಿಗೆ, ಬಾಗಿಲು ಕಂಡಿತು, ಶುರುಮಾಡಿಬಿಟ್ಟಿತು. ನಿನ್ನ ಹೆಸರಿಗೆ ಫ್ರೌಕೆಯ ಹೆಸರು ಸೇರುವ ಸಾಲಿಗೆ ಬಂದಾಗ ಅವಳ ಮುಖ ನೋಡಿದೆ, ಪೂರ್ತಿ ಅರ್ಥವಾಯಿತು. ಆದರೂ ನಿಲ್ಲಿಸಲಿಲ್ಲ. ಈ ಹಾರ್ಮ್ ಫೋಲ್ಕರ್ಸ್ ಪದ್ಯವನ್ನು ಅರ್ಧಕ್ಕೆ ಬಿಟ್ಟ ಎಂದು ಯಾರೂ ಹೇಳಿದ್ದಿಲ್ಲ, ಹೇಳಬಾರದು, ಇದೊಂದೇ ಆಗ ನನ್ನ ತಲೆಯಲ್ಲಿದ್ದದ್ದು. ಚಾಕು ಚಮಚವನ್ನೂ ಹೇಳಿದೆ, ಮುದುಕಿಯರನ್ನೂ ಕುಣಿಸಿದೆ. ಅವಳು ಅಷ್ಟೂ ಹೊತ್ತು ಕೈಯ ಹಿಟ್ಟನ್ನು ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಒರೆಸಿಕೊಳ್ಳುತ್ತ ನಿಂತಿದ್ದಳು. ಮುಗಿದ ಮೇಲೆ ಒಳಗೆ ಹೋಗಿ ಒಂದು ನೀಲಿ ರಿಬ್ಬನ್ ತಂದು ನನ್ನ ಟೋಪಿಗೆ ಸಿಕ್ಕಿಸಿದಳು. "ಮನೇಲಿ ಸಾರಾಯಿ ಇಲ್ಲ ದೊಡ್ಡಪ್ಪ, ಚಹಾ ಕುಡೀತೀರಾ?" ಅಂದಳು. ಒಳಗಿದ್ದ ಹಿಲ್ಕಾ ಎದ್ದು ನೀರು ಒಲೆಗಿಟ್ಟಳು. ಈಸ್ಟರಿಗೆ ಎತ್ತಿಟ್ಟ ಕಲ್ಲುಸಕ್ಕರೆ ಹಾಕಿ ಚಹಾ ಕೊಟ್ಟರು. ನಾನು ಕುಡಿದೆ! ಅತ್ತ ಫೋಸ್ ಗೇಶೆಯ ಅಂಗೈಯಿಂದ ರೊಟ್ಟಿಯ ತುಣುಕು ತಿನ್ನುತ್ತಿತ್ತು. ನನ್ನ ಕೈಯಿಂದ ಅದು ಎಂದೂ ಅಷ್ಟು ಸಲುಗೆಯಿಂದ ತಿಂದಿಲ್ಲ.

ಅವರನ್ನು ಕರೆಯುವ ಯೋಚನೆಯೇ ನನಗಿರಲಿಲ್ಲ ಎಂಬುದನ್ನೂ ಬರೆದುಬಿಡುತ್ತೇನೆ. ಜವುಗಿನ ಆಚೆಯವರು, ನೂತು ಬದುಕುವವರು, ಚರ್ಚಿನಲ್ಲಿ ಹಿಂದಿನ ಬೆಂಚಿನವರು, ಅವರಿಲ್ಲದಿದ್ದರೇನು ಎಂದುಕೊಂಡಿದ್ದೆ. ನಾವು ಇಲ್ಲಿಗೆ ಬಂದ ಮೊದಲ ಚಳಿಗಾಲ ಹಿಲ್ಕಾಳ ಗಂಡ ನಮ್ಮ ಸೂರಿಗೆ ಹಲಗೆ ಸೀಳಿಕೊಟ್ಟದ್ದು ಆಗ ನೆನಪಾಗಲಿಲ್ಲ.

ಮರುದಿನ ನಶೆ ಇಳಿದ ಮೇಲೆ ಮಾಡಿದ್ದು ಇನ್ನೂ ಕೆಟ್ಟ ಕೆಲಸ. ಕ್ಷಮೆ ಕೇಳಲು ಹೋದೆನೆಂದು ನೀನು ಅಂದುಕೊಳ್ಳಬಹುದು. ಇಲ್ಲ. ಹೊಗೆಗೆ ಕಟ್ಟಿದ್ದ ಹಂದಿತೊಡೆಯೊಂದನ್ನು ಇಳಿಸಿ ಬಟ್ಟೆಯಲ್ಲಿ ಸುತ್ತಿಕೊಂಡು, ಮದುವೆ ಮುಗಿಯುವವರೆಗೆ ಬಾಯಿ ಬಿಡಬೇಡಿ ಎಂದು ಕೇಳಿಕೊಳ್ಳಲು ಹೋದೆ. ಓಕೋನ ಹುಲ್ಲುಗಾವಲು ನನ್ನ ಕಣ್ಣಿನ ಮುಂದೆ ಇತ್ತು. ಫ್ರೌಕೆ ಒಬ್ಬಳೇ ಮಗಳು, ತೊರೆಯ ಎರಡು ದಡವೂ ನಮ್ಮದಾಗುತ್ತದೆ ಎಂದು ಚಳಿಗಾಲವೆಲ್ಲ ಕನಸು ಕಂಡವನು ನಾನು. ಮೇಲಾಗಿ ಓಕೋನ ಕೈ ಹಿಡಿದು ಮಾತು ಕೊಟ್ಟಿದ್ದೆ.

ಹಿಲ್ಕಾ ಹಂದಿತೊಡೆಯನ್ನೂ ನನ್ನನ್ನೂ ಒಂದೇ ಸಮ ನೋಡಿದಳು. "ಏನು ಹಾರ್ಮಣ್ಣ, ನಮ್ಮ ಬಾಯಿಗೆ ಇಷ್ಟು ದೊಡ್ಡ ಬೆಣೆ ಬೇಕಾ? ನಾವು ಬಡವ್ರು, ನಮ್ಮ ಬಾಯಿ ಸಣ್ಣದು" ಅಂದಳು. ನಾನು ಹೊಸ್ತಿಲಲ್ಲೇ ಹಂದಿತೊಡೆಗೆ ಮತ್ತೆ ಬಟ್ಟೆ ಸುತ್ತತೊಡಗಿದೆ. ಗೇಶೆ ರಾಟೆಯ ಮುಂದಿನಿಂದ ಏಳದೆಯೇ, "ನಾವು ಯಾರ ಹತ್ರ ಹೇಳಿದೀವಿ ದೊಡ್ಡಪ್ಪ? ಹೇಳಿದ್ದು ನಿಮ್ಮ ಕುದುರೆ" ಅಂದಳು. ಅವಳ ದನಿಯಲ್ಲಿ ಕೋಪವೂ ಇರಲಿಲ್ಲ.

ಆಮೇಲೆ ಹಿಲ್ಕಾಳೇ ಹೇಳಿದಳು. ಕಳೆದ ಬೇಸಿಗೆಯಲ್ಲಿ, ಗೋಧಿ ಕೊಯ್ಲಿಗೆ ಮೊದಲು, ನೀನು ಅವಳೆದುರಿಗೆ ನಿಂತು ಅವಳ ಮಗಳಿಗೆ ಮಾತು ಕೊಟ್ಟಿದ್ದೆಯಂತೆ. ನಾನು ಓಕೋನಿಗೆ ಮಾತು ಕೊಟ್ಟದ್ದು ಕೊಯ್ಲಾದ ಮೇಲೆ. ಆ ಸುದ್ದಿ ತಿಳಿದ ದಿನ ನೀನು ಅಲ್ಲಿಗೆ ಹೋಗಿ ಕಣ್ಣೀರು ಹಾಕಿದೆಯಂತೆ. ಅಪ್ಪನ ಹತ್ತಿರ ಮಾತಾಡುತ್ತೇನೆ ಎಂದು ಹೇಳಿ, ಮಾತಾಡದೆ ಕಾಡಿಗೆ ಹೋದೆಯಂತೆ. ಗೇಶೆ ನೂಲಿನಿಂದ ಕಣ್ಣೆತ್ತದೆ ಹೇಳಿದಳು: "ಎಯ್ಲರ್ಟ್ ನಿಮ್ಮ ಬಗ್ಗೆ, ನಮ್ಮಪ್ಪ ಒಂದ್ಸಲ ಮಾತು ಕೊಟ್ರೆ ಮುಗೀತು, ಪ್ರಾಣ ಹೋದ್ರೂ ತಪ್ಪಲ್ಲ ಅಂತಿದ್ದ. ಹೆಮ್ಮೆಯಿಂದಾನೇ ಹೇಳ್ತಿದ್ದ ದೊಡ್ಡಪ್ಪ, ಬೈಕೊಂಡಲ್ಲ."

ಮಗನೇ, ಆ ಹೊಸ್ತಿಲಿನಲ್ಲಿ ನನಗೆ ಆದ ನಾಚಿಕೆಯನ್ನು ನಾನು ಯಾರಿಗೂ ಹೇಳಲಾರೆ, ನಿನಗೆ ಮಾತ್ರ ಹೇಳುತ್ತಿದ್ದೇನೆ. ನೀನು ಹೊರಟ ದಿನ ಬೆಳಿಗ್ಗೆ ಕಣದಲ್ಲಿ ನನ್ನ ಹಿಂದೆ ಹಿಂದೆಯೇ ಸುತ್ತುತ್ತಿದ್ದೆ. "ಅಪ್ಪಾ, ಒಂದು ಮಾತಿತ್ತು" ಅಂದೆ. "ಬೂಟಿಗೆ ಎಣ್ಣೆ ಹಚ್ಚಿದೀಯಾ? ಮೊದ್ಲು ಅದು ನೋಡು" ಅಂದೆ ನಾನು. ನೀನು ಹೋಗಿ ಎಣ್ಣೆ ಹಚ್ಚಿದೆ. ನಾನು ಮಗನಿಗೆ ಅಷ್ಟು ಹೆದರಿಕೆ ಹುಟ್ಟಿಸಿ ಅದನ್ನೇ ಮರ್ಯಾದೆ ಎಂದು ಕರೆದುಕೊಂಡು ಬದುಕಿದ್ದೇನೆ. ಹಾಗೆಂದು ನೀನು ಹಾಲಿನಲ್ಲಿ ತೊಳೆದ ಮುತ್ತು ಎಂದುಕೊಳ್ಳಬೇಡ. ಹೊಲದಲ್ಲಿ ಹೋರಿಯ ಕೊಂಬು ಹಿಡಿದು ನಿಲ್ಲಿಸುವ ಗಂಡಸು, ಅಪ್ಪನೆದುರು ಬಾಯಿ ಬಿಡಲಾರದೆ ಒಬ್ಬ ಹುಡುಗಿಯನ್ನು ಅಲ್ಲಿ ಕಾಯಲು ಬಿಟ್ಟು, ಇನ್ನೊಬ್ಬಳಿಗೆ ಇಲ್ಲಿ ಬಟ್ಟೆ ಹೊಲಿಸಲು ಬಿಟ್ಟು ಹೋದೆ. ಫ್ರೌಕೆ ಏನು ತಪ್ಪು ಮಾಡಿದ್ದಳು? ಅವಳು ಮೇಜಿನ ಹಾಸುಗಳಿಗೆಲ್ಲ ನಿನ್ನ ಹೆಸರಿನ ಅಕ್ಷರ ಕಸೂತಿ ಹಾಕುತ್ತಿದ್ದಾಳೆ. ಅಪ್ಪ ಮಗ ಇಬ್ಬರಿಗೂ ಇದರಲ್ಲಿ ಪಾಲಿದೆ. ದೊಡ್ಡ ಪಾಲು ನನ್ನದು.

ನಾಳೆ ನಿಮ್ಮ ಹೆಸರು ಎರಡನೆಯ ಸಲ ಓದುತ್ತಾರೆ. ನಾನು ಇನ್ನೂ ಏನೂ ಮಾಡಿಲ್ಲ. ಓಕೋನ ಅಂಗಳದವರೆಗೆ ಇವತ್ತು ಹೋಗಿ, ಅವನು ನಗುತ್ತ ಹೊರಗೆ ಬಂದದ್ದು ಕಂಡು, ಬಿತ್ತನೆ ಬೀಜದ ಮಾತಾಡಿ ವಾಪಸು ಬಂದೆ. ಹಂದಿತೊಡೆ ಕೊಟ್ಟಿಗೆಯಲ್ಲಿ ಬಚ್ಚಿಟ್ಟಿದೆ, ಎಲ್ಲಿ ಹೋಯಿತೆಂದು ಅಮ್ಮ ಹುಡುಕುತ್ತಿದ್ದಾಳೆ. ಕಾಲಿನ ಬೆರಳು ನೋಡಿಕೋ. ಮರ ಬೀಳುವಾಗ ಹಿಂದೆ ನಿಲ್ಲಬೇಡ. ಅಮ್ಮ, ನಿನ್ನ ತಂಗಿಯರು ನಿನ್ನನ್ನು ಕೇಳಿದ್ದೇವೆಂದು ಹೇಳಲು ಹೇಳಿದ್ದಾರೆ. ಆ ಕಾಡಿನಲ್ಲಿ ದೇವರ ಕೈ ನಿನ್ನ ತಲೆಯ ಮೇಲಿರಲಿ.

ನಿನ್ನ ಅಪ್ಪ,
ಹಾರ್ಮ್ ಫೋಲ್ಕರ್ಸ್

ಬರೆಯಲು ಬಿಟ್ಟದ್ದು, ಭಾನುವಾರ: ಬಿಡಾರಕ್ಕೆ ಹಿಟ್ಟು ಒಯ್ಯುವ ಗಾಡಿಯವನು ಬಾಗಿಲಲ್ಲಿ ನಿಂತು ಬೈಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಪಾದ್ರಿಗಳು ಹೆಸರುಗಳನ್ನು ಓದಿ, ಈ ಮದುವೆಗೆ ಅಡ್ಡಿಯೇನಾದರೂ ತಿಳಿದವರಿದ್ದರೆ ಈಗ ಹೇಳಿ ಎಂದು ಎಂದಿನಂತೆ ಕೇಳಿದರು. ನಾನು ಎದ್ದು ನಿಂತೆ. ಯಾಕೆ ಎದ್ದೆನೋ, ಮೊಣಕಾಲು ನನ್ನನ್ನು ಕೇಳಲಿಲ್ಲ. ಅಮ್ಮ ಹೆಂಗಸರ ಕಡೆಯಿಂದ, "ರೀ, ಕೂತ್ಕೊಳ್ಳಿ, ಏನಾಯ್ತು ನಿಮಗೆ?" ಎಂದು ಎಲ್ಲರಿಗೂ ಕೇಳುವ ಹಾಗೆ ಪಿಸುಗುಟ್ಟಿದಳು. ನನ್ನ ಮಗ ಇದಕ್ಕೆ ಮೊದಲೇ ಇನ್ನೊಬ್ಬಳಿಗೆ ಮಾತು ಕೊಟ್ಟಿದ್ದಾನೆ, ನಾನು ಅವನನ್ನು ಕೇಳದೆ ಈ ಮಾತು ಕೊಟ್ಟೆ, ತಪ್ಪು ನನ್ನದು ಎಂದೆ. ಯಾರಿಗೆಂದು ಹೆಸರು ಹೇಳಲಿಲ್ಲ, ಆದರೆ ಎಲ್ಲರೂ ಹಿಂದಿನ ಬೆಂಚಿನ ಕಡೆ ತಿರುಗಿದರು. ಇಡೀ ಊರಿಗೆ ಗೊತ್ತಿತ್ತಂತೆ, ನಮ್ಮ ಮನೆಗೊಂದು ಬಿಟ್ಟು. ಓಕೋ ನನ್ನ ಮುಂದೆಯೇ ಉಗುಳಿ ಹೋದ. ಫ್ರೌಕೆ ಅಳಲಿಲ್ಲ. ಹತ್ತಿರ ಬಂದು, "ಮೂರನೇ ಸಲ ಓದೋವರೆಗೆ ಕಾಯ್ಲಿಲ್ವಲ್ಲ, ಅಷ್ಟಾದ್ರೂ ಉಪಕಾರ ಮಾಡಿದ್ರಿ" ಅಂದಳು. ನಾಳೆಯಿಂದ ಮನೆಮನೆಗೂ ಹೋಗಿ ಮದುವೆಯಿಲ್ಲ ಎಂದು ಹೇಳಿ ಬರಬೇಕು. ಅದಕ್ಕೆ ಪದ್ಯವಿಲ್ಲ. ಅಮ್ಮ ಮಾತು ಬಿಟ್ಟಿದ್ದಾಳೆ, ಅವಳನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಬಾ ಎಂದು ನಾನು ಅಪ್ಪಣೆ ಕೊಡುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. ಚರ್ಚಿನ ಹೊರಗೆ ಗೇಶೆಯನ್ನು ತಡೆದು, ಈಗಲಾದರೂ ನನ್ನ ಮಗನನ್ನು ಒಪ್ಪುತ್ತೀಯಾ ತಾಯಿ ಎಂದು ಕೇಳಿದೆ. ಅವಳು ತಲೆಬಟ್ಟೆಯನ್ನು ಬಿಗಿದು ಕಟ್ಟಿಕೊಂಡು ಹೇಳಿದಳು: "ನೀವು ಎದ್ದು ನಿಂತ್ರಿ ದೊಡ್ಡಪ್ಪ, ದೊಡ್ಡ ಮಾತು. ಆದ್ರೆ ನಾನು ಕೊಯ್ಲು ಮುಗಿದಾಗಿನಿಂದ ಕಾಯ್ತಿರೋದು ನೀವು ಏಳ್ಲಿ ಅಂತ ಅಲ್ಲ."