ಅಕ್ಕನ ದನಿಯ ನಕಲು

10 ಜೂನ್, ಗುರುವಾರ. ಬೆಳಿಗ್ಗೆ 8.15

ಹಳೆ ಸರ್ವರ್ ಮತ್ತೆ ಕಟಕಟ ಎನ್ನುತ್ತಿದೆ. ಹನ್ನೊಂದು ವರ್ಷ ದುಡಿದಿದೆ ಪಾಪ, ಇನ್ನು ಸಾಕು. ಹೊಸದು ನಿನ್ನೆಯೇ ಬಂತು. ಡಬ್ಬ ಬಿಚ್ಚಿ, ರ‍್ಯಾಕಿಗೆ ಏರಿಸಿ, ಸ್ಕ್ರೂ ಬಿಗಿದದ್ದೂ ನಾನೇ. “ಮೇಡಂ, ಯಾರನ್ನಾದ್ರೂ ಕರೀಲಾ?” ಎಂದರು ಸೆಕ್ಯುರಿಟಿಯವರು. ಯಾರೂ ಬೇಡ.

ಹೊರಗಿನ ಕಂಪನಿಗೆ ಕೊಡೋಣ ಎಂದಿದ್ದರು ಡೈರೆಕ್ಟರ್. ನಾನಿರುವಾಗಲಾ? ಎಲ್ಲ ಮೊದಲಿನಿಂದ ಹಾಕುವ ರಗಳೆಯೇ ಇಲ್ಲ. ಕ್ಲೋನಿಂಗ್ ಸಾಫ್ಟ್‌ವೇರ್ ಓಡಿಸಿದರೆ ಹಳೆ ಡಿಸ್ಕಿನಲ್ಲಿದ್ದದ್ದು ಇದ್ದ ಹಾಗೇ, ಕಸ ಸಮೇತ, ಹೊಸದಕ್ಕೆ ಬಂದು ಕೂರುತ್ತದೆ. ಶನಿವಾರ ಕೈ ಹಾಕುತ್ತೇನೆ.

ಆದರೆ ಈ ಸಲ ಮೈಯೆಲ್ಲ ಕಣ್ಣಾಗಿರಬೇಕು. ಗಂಟಲಿನ ಆಸ್ಪತ್ರೆ ನಮ್ಮದು. ಧ್ವನಿಪೆಟ್ಟಿಗೆ ತೆಗೆಸಿಕೊಳ್ಳುವವರು ಮೊದಲೇ ಸಾವಿರಾರು ವಾಕ್ಯ ಓದಿ ರೆಕಾರ್ಡ್ ಮಾಡಿಸುತ್ತಾರೆ. ಆಮೇಲೆ ಅವರು ಟೈಪ್ ಮಾಡಿದ್ದನ್ನು ಒಂದು ಪುಟ್ಟ ಯಂತ್ರ ಅವರದೇ ದನಿಯಲ್ಲಿ ಹೇಳುತ್ತದೆ. ಆ ದನಿಗಳೆಲ್ಲ ಇರುವುದು ಈ ಡಿಸ್ಕಿನಲ್ಲಿ. ಈಗ ಅಕ್ಕನೂ ಅದರಲ್ಲಿದ್ದಾಳೆ. 1,400 ವಾಕ್ಯ ಮುಗಿಸಿದ್ದಾಳೆ. ಸೋಮವಾರ ಅವಳ ಆಪರೇಷನ್.

ಆಟದ ಟೀಚರು ಅಕ್ಕ. ಸೀಟಿ ಊದಿದ್ದನ್ನು ನಾನಂತೂ ನೋಡಿಲ್ಲ. “ಏಯ್!” ಎಂದರೆ ಸಾಕು, ಇಡೀ ಮೈದಾನ ನಿಂತುಬಿಡುತ್ತದೆ.

12 ಜೂನ್, ಶನಿವಾರ. ಮಧ್ಯಾಹ್ನ 12.30

ಕ್ಲೋನಿಂಗ್‌ನಲ್ಲಿ ನನಗಿರುವ ಭಯ ಒಂದೇ — ದಿಕ್ಕು. ಖಾಲಿ ಡಿಸ್ಕನ್ನು ತುಂಬಿದ್ದರ ಮೇಲೆ ನಕಲು ಮಾಡಿದರೆ ಮುಗಿಯಿತು ಕಥೆ. ಹಾಗಾಗಿ ನನ್ನದೊಂದು ಪದ್ಧತಿ. ಹಳೆಯದಕ್ಕೆ ಕೆಂಪು ಟೇಪು. ಬಟನ್ ಒತ್ತುವ ಮೊದಲು ಬೆರಳಿಟ್ಟು ತೋರಿಸಿ ಜೋರಾಗಿ ಹೇಳುವುದು: ಇಲ್ಲಿಂದ, ಇಲ್ಲಿಗೆ. ಮೂರು ಸಲ. ಕಸ ಗುಡಿಸುವಾಕೆ ಬಾಗಿಲಲ್ಲಿ ನಿಂತು ಕಿಸಕ್ಕನೆ ನಕ್ಕಳು. ನಗಲಿ.

ಒತ್ತಿದೆ.

ಸಂಜೆ 6.40

ಆಯಿತು! ಐದು ಗಂಟೆ ಹತ್ತು ನಿಮಿಷ ಹಿಡಿಯಿತು. ಒಂದೂ ದೋಷವಿಲ್ಲ. ಹೊಸದು ಮೊದಲ ಸಲಕ್ಕೇ ಎದ್ದಿತು. ಹೆಸರು ಅದೇ, ವಿಳಾಸ ಅದೇ. ಸರ್ವರ್ ಬದಲಾಗಿದೆ ಎಂದು ಆಸ್ಪತ್ರೆಯ ಒಂದು ಕಂಪ್ಯೂಟರಿಗೂ ಗೊತ್ತಾಗಿಲ್ಲ. ಹಳೆಯದರ ನೆಟ್‌ವರ್ಕ್ ಕೇಬಲ್ ಕಿತ್ತೆ, ಆದರೆ ಆಫ್ ಮಾಡಲಿಲ್ಲ. ಹೆಚ್ಚುಕಮ್ಮಿಯಾದರೆ ಇರಲಿ ಅಂತ. ಫೈಲುಗಳ ಪಟ್ಟಿ ಪ್ರಿಂಟ್ ತೆಗೆದು ತಾಳೆ ನೋಡಿದೆ. ಅಕ್ಕನವು 1,400. ಪಕ್ಕಾ.

ಮನೆಗೆ ಬಂದು ಅಕ್ಕನ ಮುಂದೆ ಚೆನ್ನಾಗಿ ಕೊಚ್ಚಿಕೊಂಡೆ. “ಆಯ್ತಾಯ್ತು… ಆಪರೇಷನ್ ನಿನ್ನ ಬಾಯಿಗೆ ಆಗ್ಬೇಕಿತ್ತು ಕಣೇ” ಎಂದಳು.

14 ಜೂನ್, ಸೋಮವಾರ. ಸಂಜೆ 5

ಆರು ಗಂಟೆ ಹಿಡಿಯಿತು. ಚೆನ್ನಾಗಿ ಆಗಿದೆಯಂತೆ. ಭಾವ ಬೆಂಚಿನ ಮೇಲೆ ಕೂತು ಒಂದೇ ಪೇಪರನ್ನು ಮೂರು ಸಲ ಓದಿದರು. ಸುಮ್ಮನೆ ಕಾಯುತ್ತ ಕೂರುವ ಪೈಕಿ ಅಲ್ಲ ನಾನು. ಹೋಗಿ ರೆಕಾರ್ಡಿಂಗ್ ಕೋಣೆಯ ಕೇಬಲನ್ನೂ ಹೊಸ ಸರ್ವರಿಗೆ ಬದಲಾಯಿಸಿದೆ. ಆ ಕೋಣೆಯದು ಬೇರೆಯೇ ಕೇಬಲ್, ನೇರ ಸರ್ವರಿಗೆ ಬರುತ್ತದೆ — ಐದು ವರ್ಷದ ಹಿಂದೆ ನಾನೇ ಎಳೆದದ್ದು. ಶನಿವಾರ ಮರೆತಿದ್ದೆ. ಪರವಾಗಿಲ್ಲ, ಭಾನುವಾರ ಅಲ್ಲಿ ರಜೆ.

ನಿನ್ನೆ ಇಡೀ ದಿನ ನಿದ್ದೆ ಹೊಡೆದೆ. ಅಕ್ಕ ಎಲ್ಲಿಗೋ ಹೋಗಿ ಬಂದಳು. ಎಲ್ಲಿಗೆ ಅಂತ ಹೇಳಲಿಲ್ಲ.

ನಾಲ್ಕೂವರೆಗೆ ಕಣ್ಣು ಬಿಟ್ಟಳು. ನನ್ನ ಕೈ ಹಿಡಿದಳು. ತುಟಿ ಅಲ್ಲಾಡಿತು, ಸದ್ದಿಲ್ಲ. ಗೊತ್ತಿದ್ದದ್ದೇ. ಆದರೂ “ಏನಕ್ಕಾ?” ಎಂದು ಬಗ್ಗಿ ಕಿವಿಗೊಟ್ಟೆ.

15 ಜೂನ್, ಮಂಗಳವಾರ

ಹಳೆ ಡಿಸ್ಕುಗಳನ್ನು ಅಳಿಸಿದೆ. ಉದ್ದಕ್ಕೂ ಸೊನ್ನೆ ಬರೆಸಿದೆ, ಮೂರು ಸುತ್ತು. ಗುಜರಿಗೆ ಹೋಗುವ ಡಿಸ್ಕಿನಲ್ಲಿ ರೋಗಿಗಳದು ಒಂದಕ್ಷರವೂ ಉಳಿಯಬಾರದು. ಅದಕ್ಕೂ ಮೊದಲು ಶನಿವಾರದ ಪಟ್ಟಿ ಹಿಡಿದು ಹೊಸದನ್ನು ಇನ್ನೊಮ್ಮೆ ತಾಳೆ ನೋಡಿದೆ. ಎಲ್ಲ ಸರಿಯಾಗಿತ್ತು. ಡೈರೆಕ್ಟರ್ ಎಲ್ಲರ ಮುಂದೆ ಶಹಬ್ಬಾಸ್ ಎಂದರು. ಹೊರಗಿನ ಕಂಪನಿಯಂತೆ!

16 ಜೂನ್, ಬುಧವಾರ. 11.20

ಹೆಡ್‌ಫೋನ್ ಬಂದಿದ್ದ. ರೆಕಾರ್ಡಿಂಗ್ ಮಾಡುವವನು — ಅದು ಸದಾ ಕತ್ತಿನಲ್ಲಿರುತ್ತದೆ, ಹಾಗಾಗಿ ನಮಗೆಲ್ಲ ಅವನ ಹೆಸರೇ ಅದು.

“ಮೇಡಂ, ಭಾನುವಾರದ ಫೋಲ್ಡರ್ ಎಲ್ಲಿ ಹಾಕಿದೀರಾ?”

“ಯಾವ ಭಾನುವಾರ?”

“ನಿಮ್ಮಕ್ಕ ಫೋನ್ ಮಾಡಿ ಕರೆಸ್ಕೊಂಡ್ರು ಮೇಡಂ. ಓದಿದ್ದೆಲ್ಲ ಸಪ್ಪೆ, ಯಾರೋ ವಾರ್ತೆ ಓದ್ದಂಗಿದೆ ಅಂದ್ರು. ಮೂರು ಗಂಟೆ ಕೂತ್ರು. ನಗೋದು, ಬೈಯೋದು, ಮೈದಾನದಲ್ಲಿ ಕೂಗೋದು… ಇದೆಲ್ಲ ಸೇರಿಸಿದ್ರೆ ಯಂತ್ರಾನೂ ಹಂಗೇ ಕೂಗುತ್ತೆ. ನಿಮಗೆ ಹೇಳ್ಬೇಡ, ಮಜಾ ತಗೋಳೋಣ ಅಂದ್ರು.”

ನೇರ ಕೇಬಲ್. ಹಳೆ ಸರ್ವರ್ ಇನ್ನೂ ಓಡುತ್ತಿತ್ತಲ್ಲ, ಎಲ್ಲ ಅದರೊಳಕ್ಕೇ ಹೋಗಿದೆ. ಅವನ ಕಂಪ್ಯೂಟರಿನಲ್ಲಿ ಪ್ರತಿ ಉಳಿಯಬಾರದು ಎಂದು ನಿಯಮ ಮಾಡಿದವಳೂ ನಾನೇ. ಹಳೆಯದನ್ನು ಓಡಲು ಬಿಟ್ಟವಳು ನಾನೇ, ಅಳಿಸಿದವಳೂ ನಾನೇ.

ಅಳಿಸಿದ್ದನ್ನು ವಾಪಸ್ ತೆಗೆಯುತ್ತೇನೆ. ತೆಗೆದೇ ತೆಗೆಯುತ್ತೇನೆ.

18 ಜೂನ್, ಶುಕ್ರವಾರ

ಇಲ್ಲ. ಮೂರು ಸುತ್ತು ಸೊನ್ನೆ. ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದೇನೆ.

22 ಜೂನ್, ಮಂಗಳವಾರ

ಹೇಳಿದೆ. ನಾಲ್ಕು ದಿನ ಅವಳ ಮುಂದೆ ಹಣ್ಣು ಹೆಚ್ಚುತ್ತ, ದಿಂಬು ಸರಿಮಾಡುತ್ತ ಕಳ್ಳಿಯ ಹಾಗೆ ಓಡಾಡಿದ್ದೆ. ಇವತ್ತು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅಕ್ಕ ಸ್ಲೇಟಿನಲ್ಲಿ ಬರೆದಳು: “ಎಲ್ಲಾನೂ?”

ಹೂಂ ಎಂದೆ.

ಗೋಡೆ ಕಡೆ ತಿರುಗಿಕೊಂಡಳು. ಭಾವ ಎದ್ದು ಹೊರಗೆ ಹೋದರು. ಗಡಿಯಾರ ನೋಡುತ್ತ ಕೂತೆ. ಹದಿನೇಳು ನಿಮಿಷ. ಆಮೇಲೆ ಸ್ಲೇಟು ಎಳೆದುಕೊಂಡು ಬರೆದಳು: “ಬರೀ ನಿನಗೆ ಬೈದದ್ದೇ ಇಪ್ಪತ್ತು ನಿಮಿಷ ಇತ್ತು. ಬಚಾವಾದೆ ಹೋಗು.”

ಗೊಳೋ ಎಂದು ಅತ್ತೆ. ಆಪರೇಷನ್ ಆದವಳು ನನ್ನ ತಲೆ ಸವರಿದಳು.

29 ಜೂನ್, ಮಂಗಳವಾರ

ಡೈರೆಕ್ಟರಿಗೂ ಹೇಳಿ ಬೈಸಿಕೊಂಡೆ. ಆಯಿತು. ಸೊರಗುತ್ತ ಕೂತರೆ ಸರ್ವರ್ ನಡೆಸುವವರು ಯಾರು? ಹೊಸ ಪದ್ಧತಿ ಗೋಡೆಗೆ ಅಂಟಿಸಿದ್ದೇನೆ: ಅಳಿಸುವ ಮೊದಲು ಹಳೆ ಡಿಸ್ಕಿನ ಕೊನೆಯ ಫೈಲು ಯಾವತ್ತಿನದು, ನೋಡು. ಒಂದು ನಿಮಿಷದ ಕೆಲಸ. ಮುಂದಿನ ವಾರ ಲ್ಯಾಬಿನ ಸರ್ವರ್ ಇದೆ. ಅದನ್ನೂ ನಾನೇ ಮಾಡುತ್ತೇನೆ, ಸರಿಯಾಗಿಯೇ ಮಾಡುತ್ತೇನೆ.

1,400 ಸಾಕು, ಯಂತ್ರ ಮಾತಾಡುತ್ತದೆ ಎಂದ ಹೆಡ್‌ಫೋನ್.

14 ಜುಲೈ, ಬುಧವಾರ. ಸಂಜೆ 4

ಯಂತ್ರ ಬಂತು. ಅಂಗೈಯಗಲ. ಅಕ್ಕ ಮೊದಲು ಭಾವನಿಗೆ ಟೈಪ್ ಮಾಡಿದಳು: “ಊಟ ಆಯ್ತಾ?” ಅಕ್ಕನದೇ ದನಿ! “ಹೂಂ, ಆಯ್ತು” ಎಂದು ಉತ್ತರ ಕೊಟ್ಟ ಭಾವ, ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ನಾನೂ ಹಿಗ್ಗಿದೆ. ನಕಲು ಅಂದರೆ ಹೀಗಿರಬೇಕು.

ಆಮೇಲೆ ನನ್ನ ಕಡೆ ತಿರುಗಿದಳು. ಹುಬ್ಬು ಗಂಟಿಕ್ಕಿದೆ. ದಬದಬ ಟೈಪ್ ಮಾಡಿ, ಬಟನ್ ಒತ್ತಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಕತ್ತೆ. ಬುದ್ಧಿ ಇದೆಯಾ ನಿನಗೆ. ನನ್ನ ಬಾಯನ್ನೇ ಅಳಿಸಿಬಿಟ್ಟೆಯಲ್ಲೇ.”

ವಾಕ್ಯ ಓದುವ ದನಿ. ಸಮಾಧಾನದ, ಮೆತ್ತಗಿನ ದನಿ. ಮಗು ಮಲಗಿಸುವ ಹಾಗೆ.

ಅಕ್ಕ ಯಂತ್ರವನ್ನು ದಿಟ್ಟಿಸಿದಳು. ವಾಲ್ಯೂಮ್ ಪೂರ್ತಿ ಏರಿಸಿ ಮತ್ತೆ ಒತ್ತಿದಳು. ಕೋಣೆ ತುಂಬ ಕೇಳಿತು, ಅಷ್ಟೇ ಮೆತ್ತಗೆ. ಅವಳಿಗೆ ನಗು ಬಂತು. ಭುಜ ಕುಣಿಯಿತು, ಕಣ್ಣಲ್ಲಿ ನೀರು. ಸದ್ದಿಲ್ಲ.

ನಲವತ್ತು ವರ್ಷ ಅವಳ ಬೈಗುಳ ತಿಂದಿದ್ದೇನೆ. ಕಿವಿ ಮುಚ್ಚಿಕೊಂಡು ಓಡಿದ್ದೇನೆ. ಈಗ ಒಂದೇ ಒಂದು ಸಲ ಅವಳು ಜೋರಾಗಿ “ಏಯ್!” ಎಂದಿದ್ದರೆ.