ಅತ್ತೆ ನನ್ನನ್ನು ಮಾಸ್ತರ ಅಂದ ಗಳಿಗೆ

ಬಾಗಲಕೋಟೆ,
30 ಫೆಬ್ರವರಿ 2231

ಇನ್ನೂರು ವರ್ಷ ಹಿಂದಿರುವ ನಿಮಗೆ ಹೊಳೆಬಸು ಮಾಡುವ ನಮಸ್ಕಾರ.

ತಾರೀಖು ತಪ್ಪಲ್ಲ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತು ವಿಚಿತ್ರ ಎನಿಸಿದರೆ ಕ್ಷಮಿಸಿ. ಒಂದು ಕಡೆ ಕೂರಲಾಗದೆ ಒಂಬತ್ತನೆಯ ತರಗತಿಯಲ್ಲೇ ಶಾಲೆ ಬಿಟ್ಟವನು ನಾನು.

ಮೊನ್ನೆ ಮಾತ್ರ ನಾಲ್ಕು ಗಂಟೆ ಒಂದೇ ಸ್ಟೂಲಿನ ಮೇಲೆ ಕೂತೆ. ಸೋದರತ್ತೆ ಶಾವಂತ್ರವ್ವನಿಗೆ ಮೆದುಳಿನಲ್ಲಿ ಗಡ್ಡೆ. ರೋಗಿಯನ್ನು ಎಚ್ಚರವಿರಿಸಿಯೇ ತಲೆ ತೆರೆದು ಗಡ್ಡೆ ತೆಗೆಯುವುದನ್ನು ನಿಮ್ಮ ಕಾಲದವರೂ ಮಾಡುತ್ತಿದ್ದರಂತೆ. ನಮ್ಮಲ್ಲಿ ಅದಕ್ಕೆ ಮನೆಸಾಕ್ಷಿಯೂ ಬೇಕು. ಎಂದರೆ ರೋಗಿಯ ಜೊತೆ ಬಾಳಿದವರೊಬ್ಬರು ತಲೆಯ ಹತ್ತಿರ ಕೂತಿರಬೇಕು. ಡಾಕ್ಟರು ಮಿಡಿಕಡ್ಡಿ ತಾಗಿಸುತ್ತಾರೆ. ಅದು ಸಣ್ಣ ಕರೆಂಟು ಬಿಟ್ಟು ಮೆದುಳಿನ ಆ ಚುಕ್ಕೆಯ ಕೆಲಸವನ್ನು ಕ್ಷಣಕಾಲ ತಡೆಯುತ್ತದೆ. ಆಗ ರೋಗಿ ತಪ್ಪು ಹೇಳಿದರೆ ಅಲ್ಲೊಂದು ಬಿಳಿ ಚೀಟಿ: ಇಲ್ಲಿ ಕತ್ತರಿಸಬಾರದು. ಸರಿ ಹೇಳಿದರೆ ಅಲ್ಲಿಯ ಗಡ್ಡೆ ತೆಗೆಯಬಹುದು. ಯಂತ್ರಕ್ಕೆ ಮೆದುಳೆಲ್ಲ ಕಾಣುತ್ತದೆ, ಚೇಷ್ಟೆ ಕಾಣುವುದಿಲ್ಲ. ಅದಕ್ಕೇ ಮನೆಯವರು.

ಹದಿನಾರು ಚುಕ್ಕೆ ಸಲೀಸಾಗಿ ಮುಗಿದವು. ಬದನೆಕಾಯಿಯ ಚಿತ್ರ ತೋರಿಸಿದರೆ ಅತ್ತೆ ಬದನೆಕಾಯಿ ಎಂದಳು. "ಎಣ್ಣಿ ಭಾಳ ಕುಡೀತದ" ಎಂದೂ ಸೇರಿಸಿದಳು. ಹದಿನೇಳನೆಯದಕ್ಕೆ ಡಾಕ್ಟರ್ ತಬಸ್ಸುಮ್ ನನ್ನತ್ತ ತೋರಿಸಿ, ಇವನು ಯಾರು ಎಂದು ಕೇಳಿದರು.

"ಸಾಲಿ ಮಾಸ್ತರ. ಕುರ್ಚಿ ಕೊಡ್ರಿ ಅವರಿಗೆ."

ಶಾಲೆ ಬಿಟ್ಟಂದಿನಿಂದ ಅವಳು ನನ್ನನ್ನು ಹಂಗಿಸುವುದೇ ಹಾಗೆ. ಆದರೆ ಹಂಗಿಸುವಾಗ ಬಲಹುಬ್ಬು ಏರಿಸುತ್ತಾಳೆ. ಆ ಹುಬ್ಬಿನ ಮೇಲೆ ಅವತ್ತು ಬಟ್ಟೆ ಇತ್ತು. ಕಡ್ಡಿ ತೆಗೆದು ಕೇಳಿದರೂ ಅದೇ ಉತ್ತರ. ಕಡ್ಡಿ ತೆಗೆದ ಮೇಲೂ ಕೆಲವೊಮ್ಮೆ ತಡೆ ಸ್ವಲ್ಪ ಹೊತ್ತು ಉಳಿಯುತ್ತದಂತೆ; ಹಿಡಿದ ಚೇಷ್ಟೆ ಬಿಡದಿರುವುದೂ ಅವಳ ಗುಣವೇ.

"ಚಾಷ್ಟಿನೋ, ತಪ್ಪೋ? ಲಗೂ ಹೇಳಪಾ," ಎಂದರು ಡಾಕ್ಟರು.

ಚೇಷ್ಟೆ ಎಂದಿದ್ದರೆ ಗಡ್ಡೆ ಪೂರ್ತಿ ಹೋಗುತ್ತಿತ್ತು. ಅದು ಚೇಷ್ಟೆಯಲ್ಲದಿದ್ದರೆ, ಜೊತೆಗೆ ಅವಳಿಗೆ ನಮ್ಮ ಗುರುತೂ ಹೋಗುತ್ತಿತ್ತು. ಗೊತ್ತಿಲ್ಲ ಎಂದೆ. ನಿಜವೂ ಅದೇ. ಅವರು ಬಿಳಿ ಚೀಟಿ ಇಟ್ಟರು. ಹುಣಸೆಬೀಜದಷ್ಟು ಗಡ್ಡೆ ಅಲ್ಲೇ ಉಳಿದಿದೆ.

ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನನ್ನ ಒಂದು ಮಾತಿಗೆ ಅವನ ಅಕ್ಕ ಪೂರ್ತಿ ಗುಣವಾಗುತ್ತಿದ್ದಳಂತೆ. ಇರಬಹುದು. ಅವತ್ತು ಮಾಡಿದ್ದು ಚೇಷ್ಟೆಯೇ ಎಂದು ನಿನ್ನೆ ಅತ್ತೆಯನ್ನೇ ಕೇಳಿದೆ.

"ನಿನಗ ತಿಳೀಲಿಲ್ಲಂದ್ರ ನಾ ಯಾಕ ಹೇಳ್ಲಿ?" ಎಂದಳು. ಚಾದರ ಎಳೆದುಕೊಂಡು, "ಊಟ ಆತೇನ್ರಿ, ಮಾಸ್ತರ?"

ಹುಬ್ಬು ಮುಚ್ಚಿದ ಹಣೆಯ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ.

ಈ ಕೆಲಸ ನಮಗಿಂತ ಮೊದಲು ಮಾಡಿದವರು ನೀವು. ಗೊತ್ತಿಲ್ಲ ಎನ್ನುವುದಕ್ಕೆ ನಿಮ್ಮಲ್ಲಿ ಬೇರೆ ಬಣ್ಣದ ಚೀಟಿ ಇತ್ತೆ? ಇದ್ದರೆ ಎಲ್ಲಾದರೂ ಬರೆದಿಡಿ, ಹುಡುಕಿ ಓದುತ್ತೇನೆ. ನಾಳೆ ಪಟ್ಟಿ ಬಿಚ್ಚುತ್ತಾರೆ. ಬೆಳಿಗ್ಗೆಯೇ ಹೋಗಿ ಆ ಹುಬ್ಬಿನ ಎದುರು ಕೂರುತ್ತೇನೆ.