ಮೂರನೇ ಹೊಂಡದ ಮೀನು

ಕದ್ವಾಡ, ಬುಧವಾರ

ಪ್ರೀತಿಯ ಆಯಿ,

ಈ ಸಿಹಿನೀರಿನ ಮೀನು ಸಾಕಣೆಗೆ ಸೇರಿದ ಮೊದಲ ದಿನವೇ ಬೈಸಿಕೊಂಡೆ! ಹೊಂಡದಲ್ಲಿ ಕಾಟ್ಲಾ ಮೀನು ಮೇಲೆ ಬಂದದ್ದೇ, ಪೇಟೆಯಲ್ಲಿ ಮೀನು ಕೊಳ್ಳುವಾಗ ನೀನು ನೋಡುವಂತೆ ಕಿವಿರು ಎತ್ತಿ ನೋಡಲು ಕೈ ಹಾಕಿದೆ. "ಮೀನ ಮುಟ್ಬೇಡ್ವೇ ಮಾರಾಯ್ತಿ, ನೀರು ಸಾಕು!" ಎಂದರು ನನಗೆ ಕೆಲಸ ಕಲಿಸುವ ಭಾರತಿ ಮೇಡಂ. ಇಲ್ಲಿ ಒಂದು ಬಾಟಲಿ ನೀರು ಸೋಸಿ, ಅದನ್ನೇ ಪರೀಕ್ಷಿಸಿ ಮೀನಿನ ರೋಗ ಪತ್ತೆಹಚ್ಚುತ್ತಾರೆ. ಆಮೇಲೊಂದು ದಿನ ಮೂರನೇ ಹೊಂಡದ ಮೀನುಗಳು ಏನೂ ಆಗದವರಂತೆ, ಹಾಕಿದ ಹಿಂಡಿ ತಿನ್ನಲು ಮುಗಿಬೀಳುತ್ತಿದ್ದವು. ನೀರು ಪರೀಕ್ಷಿಸಿ ನೋಡಿದರೆ ರೋಗಾಣು! ಕೂಡಲೇ ಮದ್ದು ಹಾಕಿದೆವು. ಒಂದೂ ಸಾಯಲಿಲ್ಲ ಆಯಿ, ದಂಡೆಯ ಮೇಲೆ ಕುಣಿದುಬಿಟ್ಟೆ!

ನಾನು ಆರಾಮ. ನೀನು ಮಾತ್ರ ಫೋನಿನಲ್ಲಿ ಕೆಮ್ಮು ನುಂಗಿಕೊಂಡು "ನಂಗೆಂತ ಆಗ್ಲಿಲ್ಲ" ಅನ್ನುತ್ತೀ. ಮೂರನೇ ಹೊಂಡದ ಮೀನೂ ಹಾಗೇ ಅನ್ನುತ್ತಿತ್ತು. ಶನಿವಾರ ಬರುತ್ತೇನೆ, ಡಾಕ್ಟರ ಬಳಿ ಹೊರಟಿರು. ನಿನ್ನನ್ನು ಮುಟ್ಟಿಯೇ ನೋಡಲಿ!

ನಿನ್ನ ನೀಲಾ